ಕಾಡುಪ್ರಾಣಿ ಮನುಷ್ಯನಿಗೆ ಒಗ್ಗಬೇಕೆ?

ರಾಯಚೂರು: ಜೋಳದ ಹೊಲದಲ್ಲಿ ಬೆದರುಗೊಂಬೆ ನಿಲ್ಲಿಸಿದ ಮೊದಲ ಕೆಲವು ದಿನ ಗುಬ್ಬಿ, ಗಿಳಿಗಳು ಹತ್ತಿರ ಸುಳಿಯುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಅದೇ ಗೊಂಬೆಯ ತಲೆಯ ಮೇಲೆ ಕುಳಿತು ತೆನೆಗೆ ಬಾಯಿ ಹಾಕುತ್ತವೆ. ದೇವದುರ್ಗ, ಮಾನ್ವಿ ಭಾಗದ ಯಾವ ರೈತನಿಗೂ ಇದು ಹೊಸ ಸಂಗತಿಯಲ್ಲ. ಹಾನಿ ಮಾಡದ ವಸ್ತುವೊಂದು ಮತ್ತೆ ಮತ್ತೆ ಎದುರಾದರೆ ಪ್ರಾಣಿ ಅದಕ್ಕೆ ಹೆದರುವುದನ್ನು ಬಿಡುತ್ತದೆ. ಜೀವವಿಜ್ಞಾನಿಗಳು ಇದನ್ನು ರೂಢಿಗೊಳ್ಳುವಿಕೆ ಎನ್ನುತ್ತಾರೆ.

ಬೆದರುಗೊಂಬೆಯ ಜಾಗದಲ್ಲಿ ಮನುಷ್ಯನನ್ನೂ, ಗುಬ್ಬಿಯ ಜಾಗದಲ್ಲಿ ಮೊಸಳೆ, ಚಿರತೆ, ಮಂಗಗಳನ್ನೂ ಇಟ್ಟು ನೋಡಿದರೆ ಪ್ರಶ್ನೆ ಗಂಭೀರವಾಗುತ್ತದೆ. ಕಾಡುಪ್ರಾಣಿಗಳು ಮನುಷ್ಯನಿಗೆ ಒಗ್ಗಿಕೊಳ್ಳುವುದು ಒಳ್ಳೆಯದೆ? ಒಗ್ಗಿದರೆ ಸಹಬಾಳ್ವೆ ಸಾಧ್ಯ ಎನ್ನುವವರಿದ್ದಾರೆ. ಭಯ ಹೋದರೆ ಅನಾಹುತ ಖಚಿತ ಎನ್ನುವವರೂ ಇದ್ದಾರೆ. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಯಾವ ಬಗೆಯಲ್ಲಿ ಒಗ್ಗುತ್ತದೆ ಎಂಬುದನ್ನು ಬಿಡಿಸಿ ನೋಡದೆ ಉತ್ತರ ಸಿಗುವುದಿಲ್ಲ.

ರಾಯಚೂರು ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳ ಸಾಲಿಗೆ ಸೇರಿದೆ. ಹಾಗೆಂದು ಇಲ್ಲಿ ಕಾಡುಪ್ರಾಣಿಗಳಿಲ್ಲ ಎಂದಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಬಂಡೆಗಲ್ಲಿನ ಗುಡ್ಡಗಳು, ಅವುಗಳ ಬುಡದವರೆಗೂ ಹಬ್ಬಿದ ಹೊಲಗದ್ದೆಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ ಭಾಗಕ್ಕೂ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗ ಭಾಗಕ್ಕೂ ಬಂದ ಮೇಲೆ ಒಣಭೂಮಿಯ ಬಹುಪಾಲು ಹಸಿರಾಯಿತು. ದೊಡ್ಡ ಅರಣ್ಯವಿಲ್ಲದ ಕಡೆ ಪ್ರಾಣಿಗಳು ಮನುಷ್ಯರ ನಡುವೆಯೇ ಬದುಕಬೇಕು. ಆದುದರಿಂದ ಒಗ್ಗಬೇಕೆ ಬೇಡವೆ ಎಂಬ ಪ್ರಶ್ನೆ ಬಂಡೀಪುರ, ನಾಗರಹೊಳೆಗಳಿಗಿಂತ ಇಲ್ಲಿ ಹೆಚ್ಚು ಸಲ್ಲುತ್ತದೆ.

ಸುಮ್ಮನಿರುವ ಮನುಷ್ಯ, ತುತ್ತು ಕೊಡುವ ಮನುಷ್ಯ

ಪ್ರಾಣಿ ಮನುಷ್ಯನಿಗೆ ಒಗ್ಗುವುದರಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಮನುಷ್ಯ ಅದರ ಪಾಲಿಗೆ ಮರ, ಬಂಡೆಗಳಂತೆ ಲೆಕ್ಕಕ್ಕಿಲ್ಲದವನಾಗುತ್ತಾನೆ. ಅವನಿಂದ ಕೇಡೂ ಇಲ್ಲ, ಲಾಭವೂ ಇಲ್ಲ. ಶ್ರೀರಂಗಪಟ್ಟಣದ ಬಳಿ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿ ಹತ್ತಿರ ಹಾದುಹೋದರೂ ಬಂಡೆಯ ಮೇಲೆ ಮಲಗಿದ ಮೊಸಳೆ ಕದಲುವುದಿಲ್ಲ, ಕೊಕ್ಕರೆಗಳು ಗೂಡು ಬಿಟ್ಟು ಏಳುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಮರಿ ಮಾಡುತ್ತವೆ. ಕೆಳಗೆ ಜನ ಓಡಾಡುತ್ತಿರುತ್ತಾರೆ. ಯಾರೂ ಅವುಗಳಿಗೆ ಕೈಯಾರೆ ಉಣಿಸಿ ಪಳಗಿಸಿದ್ದಲ್ಲ.

ಎರಡನೆಯದರಲ್ಲಿ ಮನುಷ್ಯನೆಂದರೆ ಆಹಾರ ಎಂಬ ಪಾಠವನ್ನು ಪ್ರಾಣಿ ಕಲಿಯುತ್ತದೆ. ಇದು ಭಯ ಕಳೆದುಕೊಳ್ಳುವುದಷ್ಟೇ ಅಲ್ಲ, ಆಸೆ ಬೆಳೆಸಿಕೊಳ್ಳುವುದು. ಒಮ್ಮೆ ತುತ್ತು ಸಿಕ್ಕ ಜಾಗಕ್ಕೆ ಪ್ರಾಣಿ ಮತ್ತೆ ಬರುತ್ತದೆ. ಸಿಗದಿದ್ದರೆ ಕಾಯುತ್ತದೆ, ಕಾಯುವುದು ಸಾಲದಾದಾಗ ಕಸಿಯುತ್ತದೆ. ಮೊದಲ ಬಗೆಯ ಒಗ್ಗುವಿಕೆಯಿಂದ ತೊಂದರೆ ಕಡಿಮೆ. ಅನಾಹುತಗಳ ಬಹುಪಾಲು ಎರಡನೆಯ ಬಗೆಯಿಂದ ಹುಟ್ಟುತ್ತದೆ.

ಕೃಷ್ಣೆಯ ದಡದಲ್ಲಿ

ರಾಯಚೂರು ಜಿಲ್ಲೆಯಲ್ಲಿ ಈ ವ್ಯತ್ಯಾಸ ಜೀವನ್ಮರಣದ ಪ್ರಶ್ನೆಯಾಗುವುದು ಕೃಷ್ಣಾ ನದಿಯ ದಡದಲ್ಲಿ. ಸಿಹಿನೀರಿನ ಮೊಸಳೆಗೆ ಈ ನದಿ ಬಹುಕಾಲದ ನೆಲೆ. ಬೇಸಿಗೆಯಲ್ಲಿ ಹರಿವು ಇಳಿದಾಗ ಮೊಸಳೆಗಳು ಆಳವಾದ ಮಡುಗಳಲ್ಲಿ ಒಟ್ಟುಗೂಡುತ್ತವೆ. ಅದೇ ದಿನಗಳಲ್ಲಿ ದಡದ ಜನರಿಗೂ ನೀರಿರುವುದು ಅಲ್ಲಿಯೇ. ಕುರಿಗಾಹಿಗಳು ಮಂದೆಗೆ ನೀರು ಕುಡಿಸುವುದು, ಹೆಂಗಸರು ಬಟ್ಟೆ ಒಗೆಯುವುದು, ರೈತರು ಪಂಪ್‌ಸೆಟ್ಟಿನ ಕೊಳವೆ ಸರಿಪಡಿಸಲು ನೀರಿಗಿಳಿಯುವುದು, ಮೀನುಗಾರರು ಬಲೆ ಬೀಸುವುದು ಎಲ್ಲವೂ ಆ ಮಡುಗಳ ಅಂಚಿನಲ್ಲೇ. ಮಳೆಗಾಲದಲ್ಲಿ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗುವುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ನೆರೆಯ ನೀರಿನೊಂದಿಗೆ ಮೊಸಳೆಗಳೂ ಹೊಲ, ಹಳ್ಳಗಳಿಗೆ ಬರುತ್ತವೆ.

ಸಿಹಿನೀರಿನ ಮೊಸಳೆಯ ಸ್ವಾಭಾವಿಕ ಆಹಾರ ಮೀನು, ಕಪ್ಪೆ, ಹಕ್ಕಿ, ನೀರಿಗೆ ಬಂದ ಪ್ರಾಣಿ. ಅದು ಕಾದು ಕುಳಿತು ಬೇಟೆಯಾಡುವ ಜೀವಿ, ಜಾಗವನ್ನೂ ಹೊತ್ತನ್ನೂ ನೆನಪಿಡುತ್ತದೆ. ಕೋಳಿ, ಕುರಿ ಅಂಗಡಿಗಳ ತ್ಯಾಜ್ಯವನ್ನು ಒಂದೇ ಜಾಗದಲ್ಲಿ ನದಿಗೆ ಸುರಿದರೆ, ಸತ್ತ ದನವನ್ನು ದಡದಲ್ಲೇ ಎಸೆದರೆ, ಆ ಜಾಗದಲ್ಲಿ ಸಪ್ಪಳವಾದರೆ ಆಹಾರ ಬಂತು ಎಂದು ಮೊಸಳೆ ತಿಳಿಯುತ್ತದೆ. ಅದರ ಪಾಲಿಗೆ ಬಟ್ಟೆ ಒಗೆಯುವ ಸದ್ದಿಗೂ ಮಾಂಸದ ಚೀಲ ನೀರಿಗೆ ಬಿದ್ದ ಸದ್ದಿಗೂ ದೊಡ್ಡ ಭೇದವಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಮೊಸಳೆಯ ಜಾತಿಗೇ ಸೇರಿದ ಅಲಿಗೇಟರ್‌ಗಳಿಗೆ ತಿನಿಸು ಹಾಕುವುದು ಶಿಕ್ಷಾರ್ಹ ಅಪರಾಧ. ತುತ್ತು ಕೊಟ್ಟವರ ಮೇಲಷ್ಟೇ ಅಲ್ಲ, ಆಮೇಲೆ ನೀರಿಗೆ ಬಂದ ಯಾರ ಮೇಲಾದರೂ ಅವು ಎರಗಬಹುದು ಎಂಬುದೇ ಆ ಕಾನೂನಿನ ಹಿಂದಿನ ಕಾರಣ.

ಇದಕ್ಕೆ ಪ್ರತಿಯಾದ ಉದಾಹರಣೆ ಗುಜರಾತಿನಲ್ಲಿದೆ. ಅಲ್ಲಿನ ಆಣಂದ ಮತ್ತು ಖೇಡಾ ಜಿಲ್ಲೆಗಳ ಚರೋತರ ಸೀಮೆಯ ಹಳ್ಳಿಗಳ ಕೆರೆಗಳಲ್ಲಿ ಮೊಸಳೆಗಳಿವೆ. ಅದೇ ಕೆರೆಗಳನ್ನು ಜನ, ದನ ಎರಡೂ ಬಳಸುತ್ತವೆ. ಮೊಸಳೆಯನ್ನು ಖೋಡಿಯಾರ್ ಮಾತೆಯ ವಾಹನವೆಂದು ಭಾವಿಸುವ ಜನ ಅದನ್ನು ಕೆಣಕುವುದಿಲ್ಲ. ಅಲ್ಲಿ ದಾಳಿಗಳು ಅಪರೂಪ. ಮೊಸಳೆ ಜನರಿಗೆ ಒಗ್ಗಿದೆ, ಜನರೂ ಮೊಸಳೆಯ ಚಲನವಲನ ಬಲ್ಲರು. ಹೀಗೆಂದು ಕೃಷ್ಣೆಯಲ್ಲಿ ಧೈರ್ಯವಾಗಿ ಈಜಬಹುದೆಂದು ಅರ್ಥವಲ್ಲ. ಪ್ರತಿ ನೀರಿಗೂ ಅದರದೇ ಸ್ಥಿತಿಯಿದೆ. ಮೀನು ಕಡಿಮೆಯಾದ, ಹರಿವು ದಿನಕ್ಕೊಂದು ರೀತಿ ಏರಿಳಿಯುವ ನದಿಯಲ್ಲಿ ಎಚ್ಚರ ಹೆಚ್ಚೇ ಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೊಸಳೆ ದಡದ ಮರಳು, ಮಣ್ಣಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಮರಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ಗೂಡು ಕಾಯುವ ತಾಯಿ ಮೊಸಳೆ ಹತ್ತಿರ ಬಂದವರನ್ನು ಸಹಿಸುವುದಿಲ್ಲ. ದೇವದುರ್ಗ ತಾಲ್ಲೂಕಿನ ಕೊಪ್ಪರದ ನರಸಿಂಹ ದೇವಸ್ಥಾನಕ್ಕೆ ಬಂದು ನದಿಸ್ನಾನ ಮಾಡುವ ಭಕ್ತರೂ, ಹರಿಗೋಲು ಏರಿ ಕುರವಪುರಕ್ಕೆ ಹೋಗುವ ಯಾತ್ರಿಕರೂ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬಾಳೆಹಣ್ಣಿನ ಪುಣ್ಯ

ಮೊಸಳೆಗೆ ತುತ್ತು ಕೊಡುವವರು ತಿಳಿಯದೆ ಕೊಡುತ್ತಾರೆ. ಮಂಗಕ್ಕೆ ಕೊಡುವವರು ತಿಳಿದೇ, ಭಕ್ತಿಯಿಂದ ಕೊಡುತ್ತಾರೆ. ದೇವಸ್ಥಾನದ ಮೆಟ್ಟಿಲು, ಹೆದ್ದಾರಿ ಬದಿ, ಬೆಟ್ಟದ ದಾರಿ ಎಲ್ಲೆಡೆ ಬಾಳೆಹಣ್ಣು, ಕಡಲೆ, ಬಿಸ್ಕತ್ತು ಎಸೆಯುವುದು ಪುಣ್ಯವೆಂಬ ನಂಬಿಕೆ ಇದೆ. ಕೊಟ್ಟವರ ಮನಸ್ಸು ಒಳ್ಳೆಯದು. ಪರಿಣಾಮ ಹಾಗಲ್ಲ.

ಕಾಡಿನಲ್ಲಿ ಮಂಗ ಹಣ್ಣು, ಎಲೆ, ಹುಳುಗಳನ್ನು ಹುಡುಕುತ್ತ ದಿನದ ಬಹುಪಾಲು ಕಳೆಯುತ್ತದೆ. ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬುವ ಜಾಗ ಸಿಕ್ಕರೆ ಅದು ಅಲೆಯುವುದನ್ನು ನಿಲ್ಲಿಸುತ್ತದೆ. ಅಷ್ಟೇ ಅಲ್ಲ, ಒಂದೆಡೆ ರಾಶಿ ಬಿದ್ದ ಆಹಾರಕ್ಕಾಗಿ ಗುಂಪಿನೊಳಗೆ ಜಗಳ ಹೆಚ್ಚುತ್ತದೆ. ತಾಂಜಾನಿಯಾದ ಗೊಂಬೆ ಅರಣ್ಯದಲ್ಲಿ 1960ರ ದಶಕದಲ್ಲಿ ಜೇನ್ ಗುಡಾಲ್ ಚಿಂಪಾಂಜಿಗಳನ್ನು ಹತ್ತಿರದಿಂದ ನೋಡಲೆಂದು ಬಾಳೆಹಣ್ಣು ಹಂಚುವ ವ್ಯವಸ್ಥೆ ಮಾಡಿದ್ದರು. ಹಣ್ಣಿನ ಜಾಗದಲ್ಲಿ ಹೊಡೆದಾಟ ಹೆಚ್ಚಿದ್ದನ್ನು ಕಂಡು ಹಂಚುವುದನ್ನು ಬಹಳ ಕಡಿಮೆ ಮಾಡಿದರು. ಜಗತ್ಪ್ರಸಿದ್ಧ ವಿಜ್ಞಾನಿಗೂ ಬಾಳೆಹಣ್ಣು ಕಲಿಸಿದ ಪಾಠವದು.

ಊರಿನಲ್ಲಿ ಮಂಗಗಳ ಹಾವಳಿ ಹೆಚ್ಚಿದಾಗ ಹಿಡಿದು ಬೇರೆಡೆ ಬಿಡಬೇಕೆಂಬ ಬೇಡಿಕೆ ಬರುತ್ತದೆ. ಹಿಡಿಯುವವರು ಬರುತ್ತಾರೆ, ಬೋನು ತುಂಬುತ್ತದೆ, ಲಾರಿ ಹೋಗುತ್ತದೆ. ಆದರೆ ಕೈತುತ್ತಿಗೆ ಒಗ್ಗಿದ ಮಂಗ ಕಾಡಿನಲ್ಲಿ ನಿಲ್ಲುವುದಿಲ್ಲ. ಬಿಟ್ಟ ಜಾಗದ ಸಮೀಪದ ಹಳ್ಳಿಗೆ ಇಳಿಯುತ್ತದೆ. ಒಂದೂರಿನ ತಲೆನೋವು ಇನ್ನೊಂದೂರಿಗೆ ವರ್ಗವಾಗುತ್ತದೆ, ಅಷ್ಟೆ. ಇದರಲ್ಲಿ ಇನ್ನೊಂದು ಅಪಾಯವೂ ಇದೆ. ದಕ್ಷಿಣ ಭಾರತಕ್ಕೆ ಮಾತ್ರ ಸೀಮಿತವಾದ, ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲಿರುವ ನಮ್ಮ ಸಾಮಾನ್ಯ ಕೋತಿಯ ಸೀಮೆಗೆ ಉತ್ತರದ ರೀಸಸ್ ಕೋತಿ ಹರಡುತ್ತಿದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್ಚರಿಸಿತ್ತು. ಮನುಷ್ಯನ ಆಹಾರವನ್ನು ನೆಚ್ಚಿ ಬದುಕುವುದರಲ್ಲಿ ರೀಸಸ್ ಕೋತಿ ಗಟ್ಟಿಗ. ಹಿಡಿದ ಮಂಗಗಳನ್ನು ಜಾತಿ ನೋಡದೆ ಎಲ್ಲೆಂದರಲ್ಲಿ ಬಿಟ್ಟರೆ ದಕ್ಷಿಣದ ಕೋತಿಯ ನೆಲೆಯೇ ಕುಗ್ಗಬಹುದು.

ದರೋಜಿಯ ಬೆಲ್ಲ

ತುತ್ತು ಕೊಡುವ ವಿಚಾರದಲ್ಲಿ ಸರಳ ತೀರ್ಪು ಸಾಧ್ಯವಿಲ್ಲ ಎಂಬುದಕ್ಕೆ ನಮ್ಮ ನೆರೆಯ ಬಳ್ಳಾರಿ ಸೀಮೆಯಲ್ಲೇ ಒಂದು ಪ್ರಸಂಗವಿದೆ. ಹಂಪಿ, ಕಮಲಾಪುರಗಳ ಸಮೀಪ 1994ರಲ್ಲಿ ದರೋಜಿ ಕರಡಿ ಧಾಮ ಆರಂಭವಾಯಿತು. ಅಲ್ಲಿನ ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚುವ ಪದ್ಧತಿ ವರ್ಷಗಳ ಕಾಲ ನಡೆದುಬಂತು. ಮಧ್ಯಾಹ್ನ ಸಿಬ್ಬಂದಿ ಪಾಕ ಹಚ್ಚಿ ಹಿಂದಿರುಗುವರು. ಇಳಿಹೊತ್ತಿಗೆ ಗುಹೆಗಳಿಂದ ಕರಡಿಗಳು ಮರಿಗಳೊಂದಿಗೆ ಬಂದು ಬಂಡೆ ನೆಕ್ಕುವುವು. ದೂರದ ಗೋಪುರದಿಂದ ಪ್ರವಾಸಿಗರು ನೋಡುವರು.

ಇದರಿಂದ ಲಾಭವಾಗಿದೆ. ಕರಡಿಯೆಂದರೆ ಕೊಲ್ಲಬೇಕಾದ ಪ್ರಾಣಿ ಎಂದು ತಿಳಿದಿದ್ದ ಸೀಮೆಯಲ್ಲಿ ಅದನ್ನು ಕಣ್ತುಂಬ ನೋಡಿದ ಸಾವಿರಾರು ಮಂದಿ ಅದರ ಪರವಾದರು. ಬೋಳಾಗಿದ್ದ ಗುಡ್ಡಗಳು ಮತ್ತೆ ಹಸಿರಾದವು. ಕವಳೆ, ಬಾರೆ, ಸೀತಾಫಲದಂಥ ಗಿಡಗಳು ಚಿಗುರಿದವು. ಆದರೆ ಪ್ರಶ್ನೆಯೂ ಉಳಿಯುತ್ತದೆ. ಗೆದ್ದಲು, ಇರುವೆ, ಹಣ್ಣು, ಜೇನು ಹುಡುಕಿ ತಿನ್ನುವ ಕರಡಿಗೆ ಬೆಲ್ಲದ ರುಚಿ ಹತ್ತಿಸುವುದು ಎಷ್ಟು ಸರಿ? ಬಂಡೆಯ ಮೇಲೆ ಬೆಲ್ಲ ಹಚ್ಚಿದ ಕೈಯ ವಾಸನೆ ಅದಕ್ಕೆ ಗೊತ್ತಾಗದೆ ಇರುತ್ತದೆಯೆ? ದರೋಜಿಯ ಪದ್ಧತಿಯಲ್ಲಿ ಕನಿಷ್ಠ ಎರಡು ಅಂಕುಶಗಳಿದ್ದವು. ಕರಡಿ ತಿನ್ನುವಾಗ ಮನುಷ್ಯ ಎದುರಿರುತ್ತಿರಲಿಲ್ಲ, ಹಚ್ಚುವ ಹೊಣೆ ತಿಳಿದವರ ಕೈಯಲ್ಲಿತ್ತು. ಅಂಥ ಅಂಕುಶವಿಲ್ಲದೆ ಪ್ರವಾಸಿಗರೇ ತುತ್ತು ಹಾಕಿದಲ್ಲಿ ಏನಾಗುತ್ತದೆ ಎಂಬುದನ್ನು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಕಂಡಿದೆ. ದಶಕಗಳ ಕಾಲ ಅಲ್ಲಿನ ಕರಡಿಗಳು ಕಸದ ಗುಂಡಿಗಳನ್ನೂ ರಸ್ತೆಬದಿಯ ಕಾರುಗಳನ್ನೂ ನೆಚ್ಚಿದ್ದವು. 1970ರ ಸುಮಾರಿಗೆ ಗುಂಡಿಗಳನ್ನು ಮುಚ್ಚಿದಾಗ ಹಸಿದ ಕರಡಿಗಳು ಜನರಿದ್ದಲ್ಲಿಗೆ ನುಗ್ಗಿದವು, ಬಹಳಷ್ಟು ಸತ್ತವು. 1975ರಲ್ಲಿ ಗ್ರಿಜ್ಲಿ ಕರಡಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಕೊಡುವುದು ಸುಲಭ, ಕೊಟ್ಟು ನಿಲ್ಲಿಸುವುದು ಕಷ್ಟ.

ಚಿರತೆಯ ನೆರೆಮನೆ

ಚಿರತೆಯ ಮಾತು ಇವೆಲ್ಲಕ್ಕಿಂತ ಭಿನ್ನ. ಬಂಡೆಗುಡ್ಡಗಳ ಸುತ್ತಲಿನ ಹಳ್ಳಿಗಳಿಂದ ಚಿರತೆ ಕಂಡ ಸುದ್ದಿ ಬಂದ ಕೂಡಲೆ ಬೋನು ಇಡಿ, ಹಿಡಿದು ಸಾಗಿಸಿ ಎಂಬ ಒತ್ತಾಯ ಏಳುತ್ತದೆ. ಆ ಊರಿನವರ ಭಯ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಸಾಗಿಸಿದರೆ ಭಯ ಕಡಿಮೆಯಾಗುತ್ತದೆಯೆ?

ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ನಡೆದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿ 1993ರಿಂದ 2001ರವರೆಗೆ ವರ್ಷಕ್ಕೆ ಸರಾಸರಿ 4ರಷ್ಟಿದ್ದ ಚಿರತೆ ದಾಳಿಗಳು, ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವ ಕಾರ್ಯಕ್ರಮ ಆರಂಭವಾದ ಮೇಲೆ ಸರಾಸರಿ 17ಕ್ಕೆ ಏರಿದವು. ಅದೇ ತಂಡ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಅಕೋಲೆ ಎಂಬ ಕೃಷಿ ಕಣಿವೆಯ ಪ್ರತಿ 100 ಚದರ ಕಿಲೋಮೀಟರಿಗೆ ಸುಮಾರು 5 ವಯಸ್ಕ ಚಿರತೆಗಳು ಹಳ್ಳಿಗರ ನಡುವೆಯೇ ಬದುಕಿರುವುದು ತಿಳಿದುಬಂತು. ಜನರ ಇರುವಿಕೆಗೆ ಒಗ್ಗಿ, ಹಗಲು ಅಡಗಿ, ರಾತ್ರಿ ಓಡಾಡುವ ಚಿರತೆ ತನ್ನ ನೆಲವನ್ನೂ ನೆರೆಯವರನ್ನೂ ಬಲ್ಲದು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಚಿರತೆ ದಿಕ್ಕೆಟ್ಟ ಪ್ರಾಣಿ. ಇಲ್ಲಿ ಒಗ್ಗುವಿಕೆಯೇ ರಕ್ಷಣೆ.

ಆದರೆ ಚಿರತೆಗೂ ನಾವು ತಿಳಿಯದೆ ತುತ್ತು ಹಾಕುತ್ತೇವೆ. ಊರ ಹೊರಗೆ ಸುರಿದ ಮಾಂಸದ ತ್ಯಾಜ್ಯ ಬೀದಿನಾಯಿಗಳನ್ನು ಸಾಕುತ್ತದೆ, ನಾಯಿಗಳು ಚಿರತೆಯನ್ನು ಕರೆಯುತ್ತವೆ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ಕುರಿಗಾಹಿ ರಾತ್ರಿ ಬಲೆಯ ಬೇಲಿಯೊಂದನ್ನೇ ನಂಬಿ ಮಂದೆಯ ಪಕ್ಕದಲ್ಲಿ ಮಲಗುತ್ತಾನೆ. ಚಿರತೆಯನ್ನು ಕರೆಸಿಕೊಂಡದ್ದು ಅವನಲ್ಲ. ಆದರೆ ಕತ್ತಲಲ್ಲಿ ಅದಕ್ಕೆ ಎದುರಾಗುವವನು ಅವನೇ.

ಕೊಟ್ಟವರು ಯಾರು, ತೆತ್ತವರು ಯಾರು?

ಈ ಎಲ್ಲ ಪ್ರಸಂಗಗಳಲ್ಲಿ ಸಮಾನವಾದ ಒಂದು ಅನ್ಯಾಯವಿದೆ. ತುತ್ತು ಕೊಡುವವರು ಒಬ್ಬರು, ಅದರ ಬೆಲೆ ತೆರುವವರು ಇನ್ನೊಬ್ಬರು. ಕಾರು ನಿಲ್ಲಿಸಿ ಮಂಗಕ್ಕೆ ಬಿಸ್ಕತ್ತು ಎಸೆದ ಕುಟುಂಬ ಸಂಜೆಗೆ ಮನೆ ಸೇರುತ್ತದೆ. ಮರುದಿನ ಅದೇ ದಾರಿಯಲ್ಲಿ ಊಟದ ಡಬ್ಬಿ ಹಿಡಿದು ಶಾಲೆಗೆ ಹೊರಟ ಮಗುವಿನ ಕೈಗೆ ಮಂಗ ಬಾಯಿ ಹಾಕುತ್ತದೆ. ನಗರದ ಮಾಂಸದಂಗಡಿಯ ಚೀಲ ನದಿಗೆ ಬೀಳುತ್ತದೆ, ನೀರಿಗಿಳಿಯುವವಳು ಹಳ್ಳಿಯ ಹೆಂಗಸು. ಕೊನೆಗೆ ಶಿಕ್ಷೆ ಪ್ರಾಣಿಗೂ ತಪ್ಪುವುದಿಲ್ಲ. ಬೋನು, ಅರಿವಳಿಕೆ, ಗಡಿಪಾರು, ಕೆಲವೊಮ್ಮೆ ಸಾವು. ಕಲಿಸಿದವನು ಮಾತ್ರ ತಪ್ಪಿಸಿಕೊಳ್ಳುತ್ತಾನೆ.

ಕಾನೂನು ಸ್ವಲ್ಪಮಟ್ಟಿಗೆ ನೆರವಿಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಸಳೆ, ಚಿರತೆ, ಕರಡಿ ಮೂರೂ ಮೊದಲ ಅನುಸೂಚಿಯ ಪ್ರಾಣಿಗಳು. ಅಭಯಾರಣ್ಯದೊಳಗೆ ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು ನಿಷಿದ್ಧ. ಆದರೆ ದೇವದುರ್ಗದ ನದಿ ದಡವಾಗಲಿ ಮಾನ್ವಿಯ ಗುಡ್ಡದ ಬುಡವಾಗಲಿ ಅಭಯಾರಣ್ಯವಲ್ಲ. ಅಲ್ಲಿ ಕಾಯಬೇಕಾದದ್ದು ಕಾನೂನಿಗಿಂತ ಹೆಚ್ಚಾಗಿ ನಮ್ಮ ನಡವಳಿಕೆ.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಮಾಂಸದ ತ್ಯಾಜ್ಯ ನದಿಗೂ ಊರ ಹೊರಗಿನ ಬಯಲಿಗೂ ಬೀಳದಂತೆ ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗಳು ವಿಲೇವಾರಿ ಮಾಡಬೇಕು. ಮೊಸಳೆಗಳಿರುವ ದಡದಲ್ಲಿ ಬಟ್ಟೆ ಒಗೆಯಲು, ದನಕ್ಕೆ ನೀರು ಕುಡಿಸಲು ನದಿಯಿಂದ ದೂರದಲ್ಲಿ ತೊಟ್ಟಿ ಕಟ್ಟಿಸಬೇಕು. ಫಲಕ ನಿಲ್ಲಿಸಿದರೆ ಸಾಲದು, ನೀರಿಗಿಳಿಯದೆ ಕೆಲಸ ಸಾಗುವ ದಾರಿಯನ್ನೂ ತೋರಿಸಬೇಕು. ದೇವಸ್ಥಾನಗಳಲ್ಲಿ ಮಂಗಗಳಿಗೆ ಎಸೆಯುವ ಹಣ್ಣನ್ನು ಭಕ್ತರು ಹಸಿದ ಮನುಷ್ಯನಿಗೆ ಕೊಟ್ಟರೆ ಪುಣ್ಯ ಕಡಿಮೆಯಾಗಲಾರದು. ಮಂಗ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚಿರತೆಯೋ ಮೊಸಳೆಯೋ ಕಂಡರೆ ಗುಂಪುಗೂಡಿ ಕಲ್ಲೆಸೆಯದೆ, ಮೊಬೈಲ್ ಹಿಡಿದು ಹತ್ತಿರ ಹೋಗದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು.

ಹಾಗಾದರೆ ಕಾಡುಪ್ರಾಣಿ ಮನುಷ್ಯನಿಗೆ ಒಗ್ಗಬೇಕೆ? ಅರಣ್ಯವಿಲ್ಲದ ಸೀಮೆಯಲ್ಲಿ ಅದು ಒಗ್ಗದೆ ಬದುಕಲಾರದು. ನಾವು ಇದ್ದೇವೆ ಎಂಬುದಕ್ಕೆ ಅದು ಒಗ್ಗಲಿ, ನಾವು ಕೊಡುತ್ತೇವೆ ಎಂಬುದಕ್ಕೆ ಬೇಡ. ಕೃಷ್ಣೆಯ ಮೊಸಳೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿರಲಿ, ಆಚೆ ಜನ ನಡೆದುಹೋಗಲಿ. ನಡುವಿನ ಅಂತರ ಮಾತ್ರ ಎರಡೂ ಕಡೆಯವರಿಗೆ ನೆನಪಿರಬೇಕು. ಮೊಸಳೆ ಅದನ್ನು ತಾನಾಗಿ ಮರೆಯುವುದಿಲ್ಲ. ಮರೆಯುವಂತೆ ಮಾಡದಿರುವುದು ನಮ್ಮ ಕೈಯಲ್ಲಿದೆ.